ಹೆರಿಗೆ ಕೋಣೆಯ ಇಕ್ಕುಳ: ಆಪತ್ತು ಯಾವುದು, ಅಲಕ್ಷ್ಯ ಯಾವುದು?



ಹೆರಿಗೆಗೆಂದು ಆಸ್ಪತ್ರೆಗೆ ಹೋದ ಹೆಣ್ಣುಮಗಳು ಬರಿಮಡಿಲಿನಲ್ಲಿ ಮರಳಿದ, ಇಲ್ಲವೇ ಕೂಸು ಮಾತ್ರ ಮನೆಗೆ ಬಂದು ತಾಯಿ ಬಾರದೇ ಹೋದ ಸುದ್ದಿಗಳು ನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ. ಇಂಥ ಸುದ್ದಿ ಓದಿದಾಗಲೆಲ್ಲ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಭಕ್ತಕುಟುಂಬಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. "ಇಕ್ಕುಳ ಹಾಕಿ ಎಳೆದರಂತೆ, ಅದರಿಂದಲೇ ಮಗುವಿಗೆ ಹೀಗಾಯಿತಂತೆ. ಇದು ನಮ್ಮ ಹಣೆಬರಹವೋ, ವೈದ್ಯರ ತಪ್ಪೋ?"

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳು ಚಾಲ್ತಿಯಲ್ಲಿವೆ. ಎಲ್ಲವೂ ಶಿವನಿಚ್ಛೆ ಎಂದು ಕೈಮುಗಿದು ಸುಮ್ಮನಾಗುವುದು ಒಂದು. ಆಸ್ಪತ್ರೆಯ ಗಾಜು ಒಡೆದು ವೈದ್ಯರ ಮೇಲೆ ಕೈಮಾಡುವುದು ಇನ್ನೊಂದು. ಇವೆರಡೂ ಶರಣಮಾರ್ಗಕ್ಕೆ ಒಪ್ಪುವಂಥವಲ್ಲ ಎಂಬುದು ನಮ್ಮ ಖಚಿತ ನಿಲುವು. ಮೊದಲನೆಯದು ವಿಚಾರವನ್ನು ಬಿಟ್ಟುಕೊಡುತ್ತದೆ, ಎರಡನೆಯದು ವಿವೇಕವನ್ನು ಬಿಟ್ಟುಕೊಡುತ್ತದೆ. ಇವೆರಡರ ನಡುವೆ ಅರಿತು ಕೇಳುವ, ದಾಖಲೆ ಹಿಡಿದು ಕೇಳುವ ಒಂದು ದಾರಿಯಿದೆ. ಆ ದಾರಿಯನ್ನು ಭಕ್ತರ ಮುಂದಿಡುವುದು ಈ ಬರಹದ ಉದ್ದೇಶ.

ಬಳ್ಳಾರಿ ಮತ್ತು ತುಮಕೂರು ಕಲಿಸಿದ ಪಾಠ

2024ರ ನವೆಂಬರ್ 9ರಿಂದ 11ರವರೆಗಿನ ಮೂರು ದಿನಗಳಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ 34 ಸಿಜೇರಿಯನ್ ಹೆರಿಗೆಗಳಾದವು. ಅವರಲ್ಲಿ 7 ಬಾಣಂತಿಯರಿಗೆ ಮೂತ್ರಪಿಂಡವೂ ಇತರ ಅಂಗಗಳೂ ಕೆಲಸ ನಿಲ್ಲಿಸುವ ಸ್ಥಿತಿ ಬಂದಿತು. ಕೊನೆಗೆ ಐವರು ತಾಯಂದಿರು ತೀರಿಕೊಂಡರು. ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಗ್ಲೂಕೋಸ್ ಬಾಟಲಿಯಂಥ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿದ್ದಿತು. ಅದನ್ನು ಪೂರೈಸಿದ್ದು ಪಶ್ಚಿಮ ಬಂಗಾಳದ ಒಂದು ಕಂಪನಿ. ರಾಜ್ಯ ಸರ್ಕಾರ ಆ ದ್ರಾವಣದ ಬಳಕೆಯನ್ನು ತಡೆಹಿಡಿದು ಔಷಧ ನಿಯಂತ್ರಕರನ್ನು ಅಮಾನತಿನಲ್ಲಿಟ್ಟಿತು.

ಅದಾದ ಮೇಲೆ ಆರೋಗ್ಯ ಇಲಾಖೆ ರಾಜ್ಯದಾದ್ಯಂತ ತಾಯಂದಿರ ಮರಣಗಳ ಪರಿಶೋಧನೆ ನಡೆಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಒಂಬತ್ತು ತಿಂಗಳಲ್ಲಿ 464 ತಾಯಂದಿರು ಮರಣ ಹೊಂದಿದ್ದರು. ಅವುಗಳಲ್ಲಿ ಶೇ 70ರಷ್ಟನ್ನು ತಪ್ಪಿಸಬಹುದಾಗಿತ್ತು ಎಂದು ಸರ್ಕಾರವೇ ಒಪ್ಪಿಕೊಂಡಿತು. ಈ ಮಾತನ್ನು ಭಕ್ತರು ಇನ್ನೊಮ್ಮೆ ಓದಬೇಕು. ತಪ್ಪಿಸಬಹುದಾಗಿದ್ದ ಸಾವನ್ನು ಹಣೆಬರಹ ಎನ್ನಲು ಬರುವುದಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 2022ರ ನವೆಂಬರ್ ಮೊದಲ ವಾರದಲ್ಲಿ, ನಮ್ಮ ಮಾಗಡಿ ಸೀಮೆಗೆ ಅಂಟಿಕೊಂಡಂತಿರುವ ತುಮಕೂರಿನಲ್ಲಿ ಇನ್ನೊಂದು ದುರಂತ ನಡೆದಿತ್ತು. ಹೆರಿಗೆ ನೋವಿನಲ್ಲಿದ್ದ ಬಡ ಗರ್ಭಿಣಿಯೊಬ್ಬರು ಜಿಲ್ಲಾ ಆಸ್ಪತ್ರೆಗೆ ಹೋದಾಗ ಆಧಾರ್ ಮತ್ತು ತಾಯಿ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಅವರನ್ನು ದಾಖಲಿಸಿಕೊಳ್ಳಲಿಲ್ಲ ಎಂಬ ಆರೋಪ ಬಂದಿತು. ಆಕೆ ಮನೆಯಲ್ಲಿಯೇ ಹೆತ್ತು ಪ್ರಾಣಬಿಟ್ಟರು. ಅವಳಿ ಕೂಸುಗಳೂ ಉಳಿಯಲಿಲ್ಲ. ವೈದ್ಯೆ ಹಾಗೂ ದಾದಿಯರ ಅಮಾನತಾಯಿತು.

ಈ ಎರಡೂ ಪ್ರಕರಣಗಳಲ್ಲಿ ಇಕ್ಕುಳದ ಮಾತೇ ಇಲ್ಲ. ಒಂದೆಡೆ ಬಾಟಲಿಯ ನೀರು, ಇನ್ನೊಂದೆಡೆ ಕಾಗದದ ಚೀಟಿ ಪ್ರಶ್ನೆಯಾಯಿತು. ಆದರೂ ಇವನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಹೆರಿಗೆಯಲ್ಲಿ ಕೆಡುಕಾದಾಗ ಜನರ ಕಣ್ಣು ಕಾಣುವ ಉಪಕರಣದ ಮೇಲೆ ಬೀಳುತ್ತದೆ. ಕಾಣದಿರುವ ವ್ಯವಸ್ಥೆಯ ಲೋಪವೇ ಎಷ್ಟೋ ಸಲ ಹೆಚ್ಚು ಜೀವ ತೆಗೆದಿರುತ್ತದೆ. ಇಕ್ಕುಳದ ವಿಚಾರವನ್ನೂ ಈ ಎಚ್ಚರದಿಂದಲೇ ನೋಡಬೇಕು.

ಇಕ್ಕುಳದ ಹೆರಿಗೆ ಎಂದರೇನು?

ಗರ್ಭಕೋಶದ ಬಾಯಿ ಪೂರ್ತಿ ತೆರೆದು, ಮಗುವಿನ ತಲೆ ಕೆಳಗಿಳಿದ ಮೇಲೆಯೂ ಕೆಲವೊಮ್ಮೆ ಹೆರಿಗೆ ಮುಂದೆ ಸಾಗುವುದಿಲ್ಲ. ತಾಯಿಗೆ ಮುಕ್ಕುವ ಶಕ್ತಿ ಉಡುಗಿರುತ್ತದೆ. ಮಗುವಿನ ಎದೆಬಡಿತ ಇಳಿಯತೊಡಗುತ್ತದೆ. ತಾಯಿಗೆ ಹೃದ್ರೋಗವೋ ತೀವ್ರ ರಕ್ತದೊತ್ತಡವೋ ಇದ್ದು, ಹೆಚ್ಚು ಹೊತ್ತು ಮುಕ್ಕುವುದೇ ಅಪಾಯವಾಗಿರುತ್ತದೆ. ಆಗ ಎರಡು ಅಗಲ ಚಮಚಗಳನ್ನು ಜೋಡಿಸಿದಂತಿರುವ ಫೋರ್ಸೆಪ್ಸ್ ಎಂಬ ಉಪಕರಣವನ್ನು ಮಗುವಿನ ತಲೆಯ ಎರಡೂ ಪಕ್ಕಕ್ಕೆ ಹೊಂದಿಸಿ, ನೋವು ಬಂದಾಗ ತಾಯಿ ಮುಕ್ಕುವುದಕ್ಕೆ ಸರಿಯಾಗಿ ವೈದ್ಯರು ಮೆಲ್ಲನೆ ಎಳೆಯುತ್ತಾರೆ. ಇದೇ ಕೆಲಸಕ್ಕೆ ನೆತ್ತಿಗೆ ಬಟ್ಟಲಿನಂಥದ್ದನ್ನು ಅಂಟಿಸಿ ಎಳೆಯುವ ವ್ಯಾಕ್ಯೂಮ್ ವಿಧಾನವೂ ಇದೆ.

ಇಕ್ಕುಳದ ಚರಿತ್ರೆಯಲ್ಲಿಯೇ ಒಂದು ನೀತಿಪಾಠವಿದೆ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಚೇಂಬರ್ಲೆನ್ ಎಂಬ ವೈದ್ಯ ಮನೆತನದವರು ಇದನ್ನು ಬಳಕೆಗೆ ತಂದು, ತಮ್ಮ ಸಂಪಾದನೆಗಾಗಿ ಹದಿನೇಳನೆಯ ಶತಮಾನವಿಡೀ ಮನೆತನದ ಗುಟ್ಟಾಗಿ ಕಾಪಾಡಿಕೊಂಡರು. ಅವರ ಮನೆಯಲ್ಲಿ ಬಚ್ಚಿಟ್ಟಿದ್ದ ಮೂಲ ಇಕ್ಕುಳಗಳು ದೊರೆತದ್ದು 1813ರಲ್ಲಿ. ಅರಿವನ್ನು ಬಚ್ಚಿಟ್ಟ ಆ ಕಾಲದಲ್ಲಿ ಉಳಿಯಬಹುದಾಗಿದ್ದ ತಾಯಿಮಕ್ಕಳು ಎಷ್ಟು ಮಂದಿ ಅಳಿದರೋ ಲೆಕ್ಕವಿಲ್ಲ. ಕಾಯಕದ ಫಲ ದಾಸೋಹವಾಗಬೇಕು ಎಂದ ಶರಣರ ನೋಟದಲ್ಲಿ ಇದಕ್ಕಿಂತ ದೊಡ್ಡ ಲೋಪ ಬೇರೆ ಯಾವುದಿದ್ದೀತು? ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಸ್ಮೆಲ್ಲಿಯಂಥ ವೈದ್ಯರು ಇದರ ವಿಧಿವಿಧಾನಗಳನ್ನು ಬಹಿರಂಗವಾಗಿ ಕಲಿಸಿ ಬರೆದ ಮೇಲೆಯೇ ಈ ವಿದ್ಯೆ ಲೋಕಕ್ಕೆ ದಕ್ಕಿತು.

ಆದ್ದರಿಂದ ಇಕ್ಕುಳವೆಂದೊಡನೆ ಬೆಚ್ಚಬೇಕಿಲ್ಲ. ಇಂದಿಗೂ ಇಂಗ್ಲೆಂಡಿನಲ್ಲಿ ನೂರಕ್ಕೆ 10ರಿಂದ 15 ಹೆರಿಗೆಗಳು ಇಕ್ಕುಳ ಅಥವಾ ವ್ಯಾಕ್ಯೂಮ್ ನೆರವಿನಿಂದಲೇ ಆಗುತ್ತವೆ. ತಲೆ ತೀರ ಕೆಳಗಿಳಿದ ಮೇಲೆ ಸಿಜೇರಿಯನ್ ಮಾಡಹೊರಟರೆ ಸಿಕ್ಕಿಕೊಂಡ ತಲೆಯನ್ನು ಮೇಲಕ್ಕೆ ತೆಗೆಯುವುದೇ ಕಷ್ಟವಾಗಿ, ಗರ್ಭಕೋಶ ಹರಿದು ಹೆಚ್ಚು ರಕ್ತ ಹೋಗುವ ಭಯವಿರುತ್ತದೆ. ಅಂಥ ಗಳಿಗೆಯಲ್ಲಿ ಬಲ್ಲವರ ಕೈಯ ಇಕ್ಕುಳ ಕೆಲವೇ ನಿಮಿಷಗಳಲ್ಲಿ ಎರಡು ಜೀವಗಳನ್ನು ಉಳಿಸುತ್ತದೆ.

ಅಪಾಯಗಳನ್ನು ಮುಚ್ಚಿಡಬಾರದು

ಹಾಗೆಂದು ಇದು ಅಪಾಯವಿಲ್ಲದ ಕ್ರಿಯೆಯಲ್ಲ. ತಾಯಿಗೆ ಯೋನಿಮಾರ್ಗ ಹರಿಯಬಹುದು. ಆ ಹರಿತ ಮಲದ್ವಾರದ ಸ್ನಾಯುವಿನವರೆಗೂ ಹೋಗಬಹುದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿಯ ಪ್ರಕಾರ ಇಂಥ ಆಳದ ಹರಿತ ವ್ಯಾಕ್ಯೂಮ್ ಹೆರಿಗೆಯಲ್ಲಿ ನೂರಕ್ಕೆ 1ರಿಂದ 4 ಮಂದಿಗೆ, ಇಕ್ಕುಳದ ಹೆರಿಗೆಯಲ್ಲಿ ನೂರಕ್ಕೆ 8ರಿಂದ 12 ಮಂದಿಗೆ ಆಗುತ್ತದೆ. ಕೂಡಲೇ ಗುರುತಿಸಿ ಸರಿಯಾಗಿ ಹೊಲಿದರೆ ಹೆಚ್ಚಿನವರು ಗುಣವಾಗುತ್ತಾರೆ. ಗುರುತಿಸದೆ ಬಿಟ್ಟರೆ ಮಲಮೂತ್ರದ ಹಿಡಿತ ತಪ್ಪುವ ಬಾಧೆ ವರ್ಷಗಟ್ಟಲೆ ಕಾಡುತ್ತದೆ. ನಮ್ಮ ಹೆಣ್ಣುಮಕ್ಕಳು ಇದನ್ನು ಗಂಡನ ಬಳಿಯೂ ಹೇಳಿಕೊಳ್ಳದೆ ನಾಚಿಕೆಯಿಂದ ನುಂಗಿಕೊಳ್ಳುತ್ತಾರೆ. ಇದು ನಾಚಿಕೆಯ ಸಂಗತಿಯಲ್ಲ, ಚಿಕಿತ್ಸೆಯಿರುವ ಗಾಯ ಎಂಬುದನ್ನು ಮನೆಯ ಹಿರಿಯ ಹೆಂಗಸರು ತಿಳಿಸಿ ಹೇಳಬೇಕು. ಹೆರಿಗೆಯ ನಂತರ ರಕ್ತಸ್ರಾವ ಹೆಚ್ಚಾಗುವ ಭಯವೂ ಉಂಟು.

ಮಗುವಿನ ಕೆನ್ನೆ, ಕಿವಿಗಳ ಬಳಿ ಇಕ್ಕುಳದ ಗುರುತು ಬೀಳುವುದು ಸಾಮಾನ್ಯ. ಅದು ಕೆಲವು ದಿನಗಳಲ್ಲಿ ಮಾಸುತ್ತದೆ. ಮುಖದ ನರ ಒತ್ತಿ ಒಂದು ಪಕ್ಕ ಸೊಟ್ಟಗಾಗುವುದೂ ಉಂಟು. ಅದೂ ಬಹುಪಾಲು ತಾನಾಗಿ ಸರಿಹೋಗುತ್ತದೆ. ತಲೆಬುರುಡೆ ಬಿರಿಯುವುದು, ಮಿದುಳಿನೊಳಗೆ ರಕ್ತಸ್ರಾವವಾಗುವುದು ಅಪರೂಪ, ಆದರೆ ಆದಾಗ ಅದು ಘೋರ. ವ್ಯಾಕ್ಯೂಮ್ ಹಾಕಿದ ಮಗುವಿನ ನೆತ್ತಿಯ ಚರ್ಮದಡಿ ರಕ್ತ ತುಂಬಿಕೊಳ್ಳುವುದುಂಟು. ಆದ್ದರಿಂದ ಇಂಥ ಶಿಶುಗಳ ತಲೆಯ ಊತ, ಬಣ್ಣ, ಹಾಲು ಕುಡಿಯುವ ಬಗೆಗಳನ್ನು ಮೊದಲ ಒಂದೆರಡು ದಿನ ಎಚ್ಚರದಿಂದ ನೋಡಿಕೊಳ್ಳಬೇಕು.

ಇಲ್ಲಿ ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು. ಮಗುವಿನ ಬೆಳವಣಿಗೆ ಕುಂಠಿತವಾದರೆ, ಕೈಕಾಲು ಬಿಗಿದರೆ, ಅದು ಇಕ್ಕುಳದಿಂದಲೇ ಆಯಿತೆಂದು ಹೇಳಲಾಗದು. ಸೆರೆಬ್ರಲ್ ಪಾಲ್ಸಿಯಂಥ ತೊಂದರೆಗಳ ಮೂಲ ಅನೇಕ ಸಲ ಗರ್ಭದಲ್ಲಿಯೇ ಇರುತ್ತದೆ. ಮಗುವಿಗೆ ಮೊದಲೇ ಉಸಿರಿನ ಕೊರತೆಯಾಗಿದ್ದರಿಂದಲೇ ಇಕ್ಕುಳ ಹಾಕಬೇಕಾಗಿ ಬಂದಿರುವುದೂ ಉಂಟು. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಹೇಳಬಲ್ಲದ್ದು ಆಸ್ಪತ್ರೆಯ ದಾಖಲೆಯೇ ಹೊರತು ನೆರೆಹೊರೆಯವರ ಊಹೆಯಲ್ಲ.

ವಿಧಿ ತಪ್ಪಿದ್ದು ಎಲ್ಲಿ ಎಂದು ತಿಳಿಯುವುದು ಹೇಗೆ?

ಇಕ್ಕುಳ ಹಾಕುವ ಮೊದಲು ವೈದ್ಯರು ಖಚಿತಪಡಿಸಿಕೊಳ್ಳಬೇಕಾದ ಅಂಶಗಳು ವೈದ್ಯಕೀಯ ಪಠ್ಯಗಳಲ್ಲಿ ಸ್ಪಷ್ಟವಾಗಿವೆ. ಗರ್ಭಕೋಶದ ಬಾಯಿ ಪೂರ್ತಿ ತೆರೆದಿರಬೇಕು. ನೀರು ಒಡೆದಿರಬೇಕು. ತಲೆ ಸಾಕಷ್ಟು ಕೆಳಗಿಳಿದಿರಬೇಕು. ಮಗುವಿನ ಮುಖ ಯಾವ ಕಡೆಗಿದೆಯೆಂಬುದು ನಿಶ್ಚಯವಾಗಿರಬೇಕು. ಮೂತ್ರಕೋಶ ಖಾಲಿಯಾಗಿರಬೇಕು. ನೋವು ತಿಳಿಯದಂತೆ ಔಷಧ ಕೊಟ್ಟಿರಬೇಕು. ತಾಯಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಕ್ಕುಳದಿಂದ ಆಗದಿದ್ದರೆ ತಕ್ಷಣ ಸಿಜೇರಿಯನ್ ಮಾಡುವ ಸಿದ್ಧತೆ ಇರಬೇಕು. ಮೂರು ಬಾರಿ ಸರಿಯಾಗಿ ಎಳೆದರೂ ಮಗು ಮುಂದೆ ಬಾರದಿದ್ದರೆ ಪ್ರಯತ್ನವನ್ನು ಕೈಬಿಡಬೇಕು ಎಂಬುದು ಹೆಚ್ಚಿನ ಮಾರ್ಗಸೂಚಿಗಳ ತಿರುಳು.

ಇವು ಪಾಲಿಸಲ್ಪಟ್ಟೂ ಕೆಡುಕಾದರೆ ಅದು ಆಪತ್ತು. ಇವನ್ನು ಬಿಟ್ಟು ಮಾಡಿ ಕೆಡುಕಾದರೆ ಅದು ಅಲಕ್ಷ್ಯ. ತಲೆ ಇನ್ನೂ ಮೇಲಿರುವಾಗಲೇ ಇಕ್ಕುಳ ಹಾಕುವುದು, ಅನುಭವವಿಲ್ಲದವರ ಕೈಗೆ ಕೊಟ್ಟು ಹಿರಿಯರು ಬಾರದಿರುವುದು, ಬಾರದ ಮಗುವನ್ನು ಮತ್ತೆ ಮತ್ತೆ ಎಳೆಯುವುದು, ಎದೆಬಡಿತ ಇಳಿಯುತ್ತಿದ್ದರೂ ಗಂಟೆಗಟ್ಟಲೆ ನೋಡದಿರುವುದು, ಹರಿತವನ್ನು ಪರೀಕ್ಷಿಸದೆ ಕಳುಹಿಸುವುದು ಈ ಬಗೆಯವು. ಹೊಟ್ಟೆಯ ಮೇಲೆ ಕೈಯೂರಿ ಬಲವಾಗಿ ಒತ್ತಿ ಮಗುವನ್ನು ತಳ್ಳುವ ಪದ್ಧತಿಯನ್ನು ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿಯೇ ಹೇಳಿದೆ.

ನ್ಯಾಯಾಲಯಗಳು ಹಾಕಿಕೊಟ್ಟ ಗೆರೆ

ಇಕ್ಕುಳದ ಹೆರಿಗೆಯೇ ವೈದ್ಯಕೀಯ ನಿರ್ಲಕ್ಷ್ಯದ ಕಾನೂನಿಗೆ ಒಂದು ಹೆಗ್ಗುರುತಿನ ತೀರ್ಪನ್ನು ಕೊಟ್ಟಿದೆ. 1970ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಕ್ಕುಳ ಹಾಕಿ ಹಲವು ಬಾರಿ ಎಳೆದು, ಅನಂತರ ಸಿಜೇರಿಯನ್ ಮಾಡಿದ ಮಗುವಿಗೆ ಮಿದುಳಿನ ಹಾನಿಯಾಗಿತ್ತು. ವೈಟ್‌ಹೌಸ್ ಮತ್ತು ಜೋರ್ಡಾನ್ ನಡುವಣ ಆ ಮೊಕದ್ದಮೆ ಅಲ್ಲಿನ ಅತ್ಯುನ್ನತ ನ್ಯಾಯಪೀಠದವರೆಗೂ ಹೋಯಿತು. ವೈದ್ಯರ ತೀರ್ಮಾನದ ತಪ್ಪನ್ನು ನಿರ್ಲಕ್ಷ್ಯ ಎನ್ನಲು ಬರುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಅತ್ಯುನ್ನತ ಪೀಠ ಅದನ್ನು ತಿದ್ದಿತು. ತೀರ್ಮಾನದ ತಪ್ಪು ನಿರ್ಲಕ್ಷ್ಯವಾಗಿರಲೂಬಹುದು, ಆಗಿರದಿರಲೂಬಹುದು, ಜವಾಬ್ದಾರಿಯುಳ್ಳ ಸಾಮಾನ್ಯ ತಜ್ಞನೊಬ್ಬ ಆ ಸ್ಥಿತಿಯಲ್ಲಿ ಹಾಗೆ ಮಾಡುತ್ತಿದ್ದನೇ ಎಂಬುದೇ ಅಳತೆ ಎಂದಿತು. ಆದರೂ ಆ ಕುಟುಂಬ ಗೆಲ್ಲಲಿಲ್ಲ. ವೈದ್ಯರು ಮಿತಿಮೀರಿ ಎಳೆದರೆಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದಾಯಿತು. ನೋವು ಎಷ್ಟೇ ದೊಡ್ಡದಿರಲಿ, ನ್ಯಾಯಾಲಯದಲ್ಲಿ ನಿಲ್ಲುವುದು ಪುರಾವೆ ಮಾತ್ರ.

ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಇದೇ ಬಗೆಯ ಅಳತೆಯನ್ನು ಒಪ್ಪಿತು. ಪರಿಹಾರ ಕೇಳುವುದಕ್ಕೆ ಸಾಮಾನ್ಯ ನಿರ್ಲಕ್ಷ್ಯ ಸಾಕು, ವೈದ್ಯರನ್ನು ಅಪರಾಧಿಯೆಂದು ಶಿಕ್ಷಿಸಬೇಕಾದರೆ ಘೋರ ನಿರ್ಲಕ್ಷ್ಯವಿರಬೇಕು ಎಂದಿತು. ಕ್ರಮಕ್ಕೆ ಮುನ್ನ ತನಿಖಾಧಿಕಾರಿಯು ಸ್ವತಂತ್ರ ತಜ್ಞರ, ಮೇಲಾಗಿ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು, ವೈದ್ಯರನ್ನು ಮಾಮೂಲಿನಂತೆ ಬಂಧಿಸಬಾರದು ಎಂದೂ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಸೆಕ್ಷನ್ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ, ನೋಂದಾಯಿತ ವೈದ್ಯರಾದರೆ ಎರಡು ವರ್ಷದವರೆಗೆ ಸಜೆ ಇಟ್ಟಿದೆ.

ಕೋಪದ ಕೈಗೆ ಕಾನೂನು ಸಿಕ್ಕರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ಲಾಲ್‌ಸೋಟ್‌ನಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ಬಾಣಂತಿಯೊಬ್ಬರು ತೀರಿಕೊಂಡಾಗ, ಗುಂಪಿನ ಒತ್ತಡಕ್ಕೆ ಪೊಲೀಸರು ವೈದ್ಯೆಯ ಮೇಲೆ ಕೊಲೆಯ ಪ್ರಕರಣ ದಾಖಲಿಸಿದರು. ಮರುದಿನ ಆ ವೈದ್ಯೆ ಆತ್ಮಹತ್ಯೆ ಮಾಡಿಕೊಂಡರು. ಒಂದು ಮನೆ ತಾಯಿಯನ್ನು ಕಳೆದುಕೊಂಡ ಬೆನ್ನಲ್ಲೇ ಇನ್ನೊಂದು ಮನೆಯೂ ತಾಯಿಯನ್ನು ಕಳೆದುಕೊಂಡಿತು. ನ್ಯಾಯ ಯಾರಿಗೂ ಸಿಗಲಿಲ್ಲ. ಹೊಡೆತಕ್ಕೆ ಹೆದರಿದ ವೈದ್ಯರು ಕಠಿಣವಾದ ಹೆರಿಗೆಯನ್ನು ಮುಟ್ಟದೆ "ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎಂದು ಚೀಟಿ ಬರೆಯತೊಡಗಿದರೆ, ಅದರ ಬೆಲೆ ತೆರುವವರು ನಮ್ಮ ಹಳ್ಳಿಯ ಹೆಣ್ಣುಮಕ್ಕಳೇ.

ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿ

2007ರಲ್ಲಿ ರಾಮನಗರ ಜಿಲ್ಲೆಯಾಗಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ನಮ್ಮ ಸೀಮೆ ರಾಜಧಾನಿಯ ಮಗ್ಗುಲಲ್ಲೇ ಇದೆ. ಈ ನೆರೆತನದಿಂದ ಅನುಕೂಲವೂ ಉಂಟು, ಅಪಾಯವೂ ಉಂಟು. ದಶಪಥ ಹೆದ್ದಾರಿಯಲ್ಲಿ ವಾಣಿವಿಲಾಸ ಆಸ್ಪತ್ರೆ ದೂರವಲ್ಲ ಎಂಬ ಭರವಸೆಯಿಂದಲೇ ಸ್ಥಳೀಯ ಆಸ್ಪತ್ರೆಗಳಲ್ಲಿ ರಾತ್ರಿ ಅರಿವಳಿಕೆ ತಜ್ಞರು ಇದ್ದಾರೆಯೇ, ರಕ್ತ ಸಿದ್ಧವಿದೆಯೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಹೆದ್ದಾರಿ ಬಳಿಯ ರಾಮನಗರ, ಚನ್ನಪಟ್ಟಣಗಳ ಮಾತು ಒಂದು. ಕನಕಪುರದ ಕೋಡಿಹಳ್ಳಿ, ಸಾತನೂರು ಕಡೆಯ ಕಾಡಂಚಿನ ಹಳ್ಳಿಗಳ, ಮಾಗಡಿಯ ಕುದೂರು, ತಿಪ್ಪಸಂದ್ರ ಹೋಬಳಿಗಳ ಮಾತೇ ಬೇರೆ. ಮಗುವಿನ ತಲೆ ಸಿಕ್ಕಿಕೊಂಡಿರುವ ತಾಯಿಯನ್ನು ಆಂಬುಲೆನ್ಸಿನಲ್ಲಿ ಐವತ್ತು ಕಿಲೋಮೀಟರ್ ಸಾಗಿಸುವುದನ್ನು ಚಿಕಿತ್ಸೆ ಎನ್ನಲಾಗದು.

ರಾಜ್ಯದ ಚಿತ್ರ ಹೀಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಸಿಜೇರಿಯನ್ ಪ್ರಮಾಣ ಹಿಂದಿನ ಸಮೀಕ್ಷೆಯ ಶೇ 23.6ರಿಂದ ಶೇ 31.5ಕ್ಕೆ ಏರಿದೆ. 2018-20ರ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕರ್ನಾಟಕದಲ್ಲಿ 69, ದೇಶದಲ್ಲಿ 97, ನೆರೆಯ ಕೇರಳದಲ್ಲಿ 19. ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತಂದದ್ದು ದೊಡ್ಡ ಸಾಧನೆ, ಅದನ್ನು ಒಪ್ಪಲೇಬೇಕು. ಆದರೆ ಕಟ್ಟಡದೊಳಗೆ ಬಂದ ಮಾತ್ರಕ್ಕೆ ತಾಯಿ ಕ್ಷೇಮವಲ್ಲ, ಒಳಗಿರುವ ಕೈ ಪಳಗಿರಬೇಕು ಎಂಬುದನ್ನು ಕೇರಳದ ಅಂಕಿ ನೆನಪಿಸುತ್ತದೆ. ಸಿಜೇರಿಯನ್ ಹೆಚ್ಚಿದಂತೆ ಇಕ್ಕುಳ ಬಳಸುವ ಕೌಶಲ ಎಳೆಯ ವೈದ್ಯರಲ್ಲಿ ಕ್ಷೀಣಿಸುತ್ತಿದೆ ಎಂಬ ಕಳವಳ ಪ್ರಸೂತಿ ತಜ್ಞರಲ್ಲಿಯೇ ಇದೆ. ಕೌಶಲ ಕುಗ್ಗಿದಾಗ ಅನಿವಾರ್ಯಕ್ಕೆ ಹಿಡಿದ ಇಕ್ಕುಳ ಇನ್ನಷ್ಟು ಅಪಾಯಕಾರಿಯಾಗುತ್ತದೆ.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ನಾಡೇ ಹೆಮ್ಮೆಪಟ್ಟಿತು. ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಯ ಬಂಡವಾಳ ಪಳಗಿದ ಕೈ, ತಾಳ್ಮೆ, ತಾಯಿಯ ಪಕ್ಕ ಬಿಡದೆ ಕೂರುವ ಕರುಣೆ. ಆಧುನಿಕ ಆಸ್ಪತ್ರೆಗೆ ಯಂತ್ರವೂ ಬೇಕು, ರಕ್ತವೂ ಬೇಕು. ಜೊತೆಗೆ ಆ ತಾಳ್ಮೆಯೂ ಬೇಕು.

ನಮ್ಮ ಮನೆಗಳ ಹೊಣೆ

ಆಸ್ಪತ್ರೆಯತ್ತ ಬೆರಳು ತೋರುವ ಮೊದಲು ನಮ್ಮ ಮನೆಗಳ ನಡೆಯನ್ನೂ ನೋಡಿಕೊಳ್ಳಬೇಕು. ಬಸವಾದಿ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿದರು. ಜನನಸೂತಕ ಅವುಗಳಲ್ಲಿ ಒಂದು. ಹೆರಿಗೆ ಮೈಲಿಗೆಯಲ್ಲ ಎಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಧರ್ಮ ನಮ್ಮದು. ಗರ್ಭಸ್ಥ ಶಿಶುವಿಗೂ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆಯ ಸಂಸ್ಕಾರ ಕೊಡುವ ಪರಂಪರೆ ನಮ್ಮದು. ಹೀಗಿದ್ದೂ ಬಾಣಂತಿಯನ್ನು ಮೂಲೆಯ ಕೋಣೆಗೆ ತಳ್ಳಿ, ಅವಳ ರಕ್ತಸ್ರಾವವನ್ನೋ ಜ್ವರವನ್ನೋ "ಎಲ್ಲರಿಗೂ ಆಗುವುದೇ" ಎಂದು ಕಡೆಗಣಿಸಿದರೆ, ನಾವು ಕಟ್ಟಿಕೊಂಡ ಇಷ್ಟಲಿಂಗಕ್ಕೆ ಏನು ಉತ್ತರ ಹೇಳುತ್ತೇವೆ?

ಇತ್ತೀಚೆಗೆ ಮುಹೂರ್ತ ನೋಡಿ ಸಿಜೇರಿಯನ್ ಮಾಡಿಸುವ ರೂಢಿ ಪಟ್ಟಣಗಳಿಂದ ಹಳ್ಳಿಗಳಿಗೂ ಇಳಿದಿದೆ. ತಿಥಿ ವಾರ ನಕ್ಷತ್ರಗಳ ಭಯದಿಂದ ಜನರನ್ನು ಬಿಡಿಸಿದ ಶರಣರ ಹೆಸರು ಹೇಳುವವರಿಗೆ ಇದು ಶೋಭಿಸದು. ಇದಕ್ಕೆ ವಿರುದ್ಧವಾದ ಹಟವೂ ಅಷ್ಟೇ ಕೆಟ್ಟದ್ದು. "ಕೊಯ್ಯುವುದು ಬೇಡ, ನಾರ್ಮಲ್ಲೇ ಆಗಲಿ" ಎಂದು ವೈದ್ಯರ ಸಲಹೆಯನ್ನು ಮೀರಿ ಕಾದು, ಕೊನೆಯ ಗಳಿಗೆಯಲ್ಲಿ ಇಕ್ಕುಳ ಹಾಕುವ ಸ್ಥಿತಿಯನ್ನು ತಂದುಕೊಳ್ಳುವ ಕುಟುಂಬಗಳೂ ಇವೆ. ತೀರ್ಮಾನ ತಾಯಿಯ ಮೈಯ ಸ್ಥಿತಿಯನ್ನು ನೋಡಿ ಆಗಬೇಕು. ಪಂಚಾಂಗ ನೋಡಿಯೂ ಬೇಡ, ಅತ್ತೆಯ ಅಭಿಪ್ರಾಯ ಕೇಳಿಯೂ ಬೇಡ.

ಒಪ್ಪಿಗೆಯ ಮಾತೂ ಹೀಗೆಯೇ. 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಗೆ ತಿಳಿದು ಕೊಟ್ಟ ಒಪ್ಪಿಗೆ ರೋಗಿಯದೇ ಆಗಿರಬೇಕು ಎಂದಿದೆ. ನಮ್ಮಲ್ಲಿ ಗಂಡನೋ ಮಾವನೋ ಹೊರಗೆ ಸಹಿ ಹಾಕುತ್ತಾರೆ, ಒಳಗೆ ಮಲಗಿರುವವಳಿಗೆ ಏನು ನಡೆಯುತ್ತಿದೆಯೆಂದೇ ತಿಳಿದಿರುವುದಿಲ್ಲ. ಅಕ್ಕನಾಗಮ್ಮ, ಅಕ್ಕಮಹಾದೇವಿಯರಿಗೆ ಅನುಭವ ಮಂಟಪದಲ್ಲಿ ಮಾತಿನ ಹಕ್ಕು ಕೊಟ್ಟ ಪರಂಪರೆ ನಮ್ಮದು. ನಮ್ಮ ಸೊಸೆಗೆ ಅವಳ ದೇಹದ ಬಗ್ಗೆ ಮಾತಿನ ಹಕ್ಕು ಇರಬೇಕಲ್ಲವೇ?

ಗರ್ಭಿಣಿಯಿರುವ ಪ್ರತಿ ಮನೆಯಲ್ಲಿಯೂ ಈ ಕೆಲಸಗಳು ಮೊದಲೇ ಆಗಲಿ. ತಾಯಿ ಕಾರ್ಡ್ ಮಾಡಿಸಿ ಪ್ರತಿ ತಪಾಸಣೆಯನ್ನೂ ಅದರಲ್ಲಿ ಬರೆಸಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ವಿಶೇಷ ತಪಾಸಣೆಯನ್ನು ತಪ್ಪಿಸದಿರಿ. ರಕ್ತಹೀನತೆಯಿದ್ದರೆ ಹೆರಿಗೆಗೆ ಮೊದಲೇ ಸರಿಪಡಿಸಿಕೊಳ್ಳಿರಿ. ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ರಾತ್ರಿಯಲ್ಲಿಯೂ ಸಿಜೇರಿಯನ್ ಮಾಡಲು ಬರುತ್ತದೆಯೇ, ರಕ್ತ ಸಿಗುತ್ತದೆಯೇ, ಮಕ್ಕಳ ತಜ್ಞರಿದ್ದಾರೆಯೇ ಎಂದು ಏಳನೆಯ ತಿಂಗಳಲ್ಲಿಯೇ ಕೇಳಿರಿ. ಬೇಗ ಆಗಲೆಂದು ನೋವಿನ ಚುಚ್ಚುಮದ್ದು ಕೊಡಿರೆಂದು ಒತ್ತಾಯಿಸಬೇಡಿರಿ.

ಕೆಡುಕಾದಾಗ ಕೇಳುವ ಬಗೆ

ಇಷ್ಟಾಗಿಯೂ ಅನಾಹುತವಾಗಿ, ಅಲಕ್ಷ್ಯದ ಅನುಮಾನ ಬಂದರೆ ಮೊದಲ ಕೆಲಸ ಕೇಸ್ ಶೀಟಿನ ಪ್ರತಿಯನ್ನು ಲಿಖಿತವಾಗಿ ಕೇಳುವುದು. ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯಂತೆ ಕೇಳಿದ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಯಾವ ಹೊತ್ತಿಗೆ ಪರೀಕ್ಷಿಸಿದರು, ಎದೆಬಡಿತ ಎಷ್ಟಿತ್ತು, ಇಕ್ಕುಳ ಯಾರು ಹಾಕಿದರು, ಎಷ್ಟು ಬಾರಿ ಎಳೆದರು ಎಂಬುದೆಲ್ಲ ಅಲ್ಲಿರಬೇಕು. ಇಲ್ಲದಿದ್ದರೆ ಆ ಇಲ್ಲದಿರುವಿಕೆಯೇ ಒಂದು ಪ್ರಶ್ನೆ. ಶಿಶುವೋ ತಾಯಿಯೋ ತೀರಿಕೊಂಡಿದ್ದು, ಕಾರಣದ ಬಗ್ಗೆ ಅನುಮಾನವಿದ್ದರೆ ಮರಣೋತ್ತರ ಪರೀಕ್ಷೆಗೆ ಒಪ್ಪಿರಿ. ಈ ಮಾತು ಹೇಳುವುದು ನಮಗೂ ಕಷ್ಟ, ಕೇಳುವುದು ನಿಮಗೂ ಕಷ್ಟ. ಆದರೆ ಮಣ್ಣು ಮಾಡಿದ ಮೇಲೆ ಸತ್ಯ ಹುಡುಕುವುದು ಅದಕ್ಕಿಂತ ಕಷ್ಟ.

ಖಾಸಗಿ ಆಸ್ಪತ್ರೆಯಾದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕೆಂಬುದನ್ನು ಮರೆಯಬಾರದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ವೈದ್ಯರ ನಡತೆಯ ಬಗೆಗಿನ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕೊಡಬಹುದು. ಎಲ್ಲರಿಗೂ ಉಚಿತವಾಗಿ ಸೇವೆ ಕೊಡುವ ಸರ್ಕಾರಿ ಆಸ್ಪತ್ರೆಗೆ ಗ್ರಾಹಕ ಕಾನೂನು ಸಾಮಾನ್ಯವಾಗಿ ಅನ್ವಯಿಸದು. ಅಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ, ಮಾನವ ಹಕ್ಕುಗಳ ಆಯೋಗ, ಸಿವಿಲ್ ನ್ಯಾಯಾಲಯ, ಹೈಕೋರ್ಟ್‌ಗಳ ದಾರಿಯಿದೆ. ಸರ್ಕಾರಿ ವೈದ್ಯರ ಅಲಕ್ಷ್ಯಕ್ಕೆ ಸರ್ಕಾರವೇ ಹೊಣೆಯೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪ್ರಕರಣದಲ್ಲಿ ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆಗೊಳಗಾದ ತಾಯಿಯ ಹೊಟ್ಟೆಯೊಳಗೆ ಬಟ್ಟೆಯನ್ನು ಬಿಟ್ಟು ಹೊಲಿಯಲಾಗಿತ್ತು.

ಆಸ್ಪತ್ರೆಯ ಮೇಲೆ ಕಲ್ಲು ತೂರುವುದು 2009ರ ರಾಜ್ಯ ಕಾಯ್ದೆಯಂತೆ ಅಪರಾಧ. ಅದಕ್ಕಿಂತ ಮಿಗಿಲಾಗಿ, ಕಲ್ಲು ತೂರಿದ ಕುಟುಂಬದ ನಿಜವಾದ ದೂರು ಆ ಗದ್ದಲದಲ್ಲಿ ಹೂತುಹೋಗುತ್ತದೆ.

ಕೊನೆಯ ಮಾತು

ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರರಿದ್ದರು. ರೋಗ, ಔಷಧ, ಪಥ್ಯಗಳ ಮಾತಿನಲ್ಲಿಯೇ ಅವರು ಅನುಭಾವವನ್ನು ನುಡಿದರು. ವೈದ್ಯವೂ ಕಾಯಕವೆಂದು ಮನ್ನಿಸಿದ ಸಮಾಜ ನಮ್ಮದು. ಕಾಯಕವೆಂದ ಮೇಲೆ ಅದಕ್ಕೆ ಗೌರವವೂ ಸಲ್ಲಬೇಕು, ಲೆಕ್ಕವೂ ಕೊಡಬೇಕು. ಲೆಕ್ಕ ಕೇಳಿದರೆ ಅವಮಾನವೆಂದುಕೊಳ್ಳುವ ವೈದ್ಯರೂ, ಗೌರವ ಕೊಟ್ಟರೆ ಸೋಲೆಂದುಕೊಳ್ಳುವ ಕುಟುಂಬವೂ ಕಾಯಕತತ್ತ್ವವನ್ನು ಅರಿತವರಲ್ಲ.

ಶತಾಯುಷಿ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಹುಟ್ಟಿದ್ದು ನಮ್ಮದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, 1907ರಲ್ಲಿ. ಹಳ್ಳಿಯ ಮನೆಯೊಂದರಲ್ಲಿ ಕ್ಷೇಮವಾಗಿ ಹುಟ್ಟಿದ ಆ ಒಂದು ಕೂಸು ಮುಂದೆ ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ ನೀಡಿತು. ನಮ್ಮ ನಾಲ್ಕು ತಾಲ್ಲೂಕುಗಳ ಹೆರಿಗೆ ಕೋಣೆಗಳಲ್ಲಿ ಈ ರಾತ್ರಿ ಹುಟ್ಟುವ ಕೂಸುಗಳಲ್ಲಿ ಯಾರು ಏನಾಗುವರೆಂದು ಬಲ್ಲವರಿಲ್ಲ. ಅವರೆಲ್ಲರೂ ಕ್ಷೇಮವಾಗಿ ಹುಟ್ಟಬೇಕು, ಹೆತ್ತವರು ಕ್ಷೇಮವಾಗಿ ಮನೆಗೆ ಮರಳಬೇಕು.

ಅದಕ್ಕಾಗಿ ಸರ್ಕಾರವನ್ನು ನಾವು ಕೇಳುವುದು ಇಷ್ಟು. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲಿರುಳು ಪ್ರಸೂತಿ ಮತ್ತು ಅರಿವಳಿಕೆ ತಜ್ಞರಿರಲಿ, ರಕ್ತ ಸಿದ್ಧವಿರಲಿ. ಎಳೆಯ ವೈದ್ಯರಿಗೆ ನೆರವಿನ ಹೆರಿಗೆಯ ತರಬೇತಿ ದೊರೆಯಲಿ. ತಾಯಿಶಿಶು ಮರಣಗಳ ಪರಿಶೋಧನೆಯ ಸಾರಾಂಶ ಹೆಸರುಗಳಿಲ್ಲದೆ ಜನರ ಮುಂದೆ ಬರಲಿ. ಭಕ್ತರನ್ನು ಕೇಳುವುದೂ ಇಷ್ಟೇ. ನಿಮ್ಮ ಊರಿನ ಶಿವಾನುಭವ ಗೋಷ್ಠಿಗಳಲ್ಲಿ ಈ ವಿಷಯ ಚರ್ಚೆಯಾಗಲಿ. ಊರಿನ ಆಶಾ ಕಾರ್ಯಕರ್ತೆಯನ್ನೂ ದಾದಿಯನ್ನೂ ಅಲ್ಲಿಗೆ ಕರೆಯಿರಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತು ಪ್ರಶ್ನೆ ಕೇಳಲಿ.